ವಾರಂಟು ಇದ್ದವರು, ಇಲ್ಲದವರು

ಸಿದ್ದಾಪುರ ಸೀಮೆಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಹಳೆಯ ಪಂಚಾಂಗಗಳು, ಅಡಿಕೆ ವ್ಯಾಪಾರದ ಪಟ್ಟಿಗಳು, ತೀರಿಸಿದ ಸಾಲದ ರಸೀದಿಗಳ ಅಡಿಯಲ್ಲಿ ಮುತ್ತಜ್ಜನ ಪೆನ್ಶನ್ ಫೈಲು ಇದೆ. ಪಿಎಚ್.ಡಿ.ಗೆ ಕರನಿರಾಕರಣೆ ಚಳವಳಿಯ ಕುಟುಂಬಗಳ ನೆನಪುಗಳನ್ನು ವಿಷಯವಾಗಿ ಆರಿಸಿಕೊಂಡೆ ಎಂದು ಹೇಳಿದ ದಿನ ಅಪ್ಪ ಅದನ್ನು ಕೆಳಗಿಳಿಸಿ, ದೂಳು ಕೊಡವಿ ನನ್ನ ಮುಂದಿಟ್ಟ. "ಇದರಲ್ಲಿ ಎಂತದೂ ಇಲ್ಲೆ" ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಆ ಫೈಲಿನ ಕಥೆಯೇ ಅದು: ಏನೋ ಇರಬೇಕಿತ್ತು, ಇರಲಿಲ್ಲ.

ಇರಬೇಕಿದ್ದದ್ದು ಒಂದು ವಾರಂಟು.

1930ರ ದಶಕದ ಆರಂಭದಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕಾಯಿದೆ ಭಂಗದ ಜೊತೆಜೊತೆಗೆ ಸಿದ್ದಾಪುರ, ಅಂಕೋಲಾ, ಸಿರ್ಸಿಗಳಲ್ಲಿ ಭೂಕಂದಾಯ ಕೊಡದೆ ಕುಳಿತವರ ಮನೆಯ ಪಾತ್ರೆ, ದನ, ಕೊನೆಗೆ ತೋಟ ಗದ್ದೆಗಳನ್ನೇ ಸರ್ಕಾರ ಜಪ್ತಿ ಮಾಡಿತು, ಹರಾಜು ಹಾಕಿತು. ನೂರಾರು ಕುಟುಂಬಗಳು ನೆಲ ಕಳೆದುಕೊಂಡವು. ಜೋಗದ ದಾರಿಯ ಮಾವಿನಗುಂಡಿಯಲ್ಲಿ ಒಂದು ಸ್ಮಾರಕವಿದೆ. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಹಿಡಿದವರ ಮನೆಯ ಮುಂದೆ ಉಪವಾಸ ಕೂತ ಹೆಂಗಸರ ನೆನಪಿಗೆ ನಿಲ್ಲಿಸಿದ್ದು. ಜೋಗಕ್ಕೆ ಹೋಗುವ ಕಾರುಗಳು ಅಲ್ಲಿ ನಿಲ್ಲುವುದು ಕಡಿಮೆ. 1934ರಲ್ಲಿ ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿ ಸಿರ್ಸಿ, ಸಿದ್ದಾಪುರಗಳಿಗೆ ಬಂದುಹೋದರು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ, 1938ರ ಕಾಯ್ದೆಯ ಮೂಲಕ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಏರ್ಪಾಡಾಯಿತು.

ಮುತ್ತಜ್ಜನಿಗೆ ಆಗ ಇಪ್ಪತ್ನಾಲ್ಕು ವರ್ಷ. ಅವನ ಕೆಲಸ ಬುಲೆಟಿನ್ ಹಂಚುವುದು. 1932ರಲ್ಲಿ ಊರಿನ ನಾಲ್ಕು ಜನರನ್ನು ಹಿಡಿದುಕೊಂಡು ಹೋದ ರಾತ್ರಿ ಅವನು ಹಿತ್ತಿಲ ದಾರಿಯಿಂದ ಬೆಟ್ಟ ಹತ್ತಿದ. ಎಂಟು ತಿಂಗಳು ಮನೆಗೆ ಬರಲಿಲ್ಲ. ಯಲ್ಲಾಪುರದ ಕಡೆಯ ನೆಂಟರಿಷ್ಟರ ತೋಟದ ಮನೆಗಳಲ್ಲಿ, ಅಡಿಕೆ ಅಟ್ಟದ ಕೆಳಗೆ, ಗದ್ದೆ ಕಾಯುವ ಮಾಳದಲ್ಲಿ ಇದ್ದನಂತೆ. ಆಸ್ತಿ ಅವನ ಅಣ್ಣನ ಹೆಸರಿನಲ್ಲಿತ್ತು. ಜಪ್ತಿಯಾದದ್ದು ಕಾಗದದ ಪ್ರಕಾರ ಅಣ್ಣನದು. ಜೈಲಿಗೆ ಹೋದವರು ಹಿಂಡಲಗಾ, ಯರವಡಾ ಎಂದು ಹೇಳಿಕೊಳ್ಳುವಾಗ ಇವನು ಸುಮ್ಮನೆ ಕೂತಿರುತ್ತಿದ್ದನಂತೆ. ಅವನು ಸಿಕ್ಕಿಬಿದ್ದಿರಲೇ ಇಲ್ಲ.

ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, 1972ರ ಆಗಸ್ಟ್ 15ರಿಂದ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿತು. ವರ್ಷಕ್ಕೆ 5,000 ರೂಪಾಯಿ ಆದಾಯದ ಮಿತಿ ಇತ್ತು. 1980ರಲ್ಲಿ ಮಿತಿ ತೆಗೆದು, 'ಸ್ವತಂತ್ರತಾ ಸೈನಿಕ ಸಮ್ಮಾನ್' ಎಂದು ಹೆಸರಿಟ್ಟರು. ಆರು ತಿಂಗಳು ಜೈಲಿನಲ್ಲಿದ್ದವರು ಅರ್ಹರು. ಆಸ್ತಿ ಕಳೆದುಕೊಂಡವರು, ಗಡಿಪಾರಾದವರು, ಛಡಿಯೇಟು ತಿಂದವರೂ ಉಂಟು. ಭೂಗತರಾಗಿದ್ದವರೂ ಅರ್ಹರು, ಆದರೆ ಅಲ್ಲೊಂದು ಷರತ್ತು. ಆರು ತಿಂಗಳಿಗಿಂತ ಹೆಚ್ಚು ಕಾಲ ತಲೆಮರೆಸಿಕೊಂಡಿದ್ದರೆ ಸಾಲದು. ಅವನು ಕೋರ್ಟಿನಿಂದ ಘೋಷಿತ ಅಪರಾಧಿಯಾಗಿರಬೇಕು, ಇಲ್ಲವೇ ಅವನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಸಾರಿರಬೇಕು, ಇಲ್ಲವೇ ಬಂಧನದ ಆದೇಶ ಹೊರಟು ಜಾರಿಯಾಗದೆ ಉಳಿದಿರಬೇಕು. ಅಂದರೆ ಬ್ರಿಟಿಷರು ನಿಮ್ಮನ್ನು ಹುಡುಕುತ್ತಿದ್ದರೆಂಬುದಕ್ಕೆ ಬ್ರಿಟಿಷರ ಕಾಗದವೇ ಸಾಕ್ಷಿ.

ಮುತ್ತಜ್ಜ 1981ರಲ್ಲಿ ಅರ್ಜಿ ಹಾಕಿದ. ಬಂದ ಉತ್ತರದಲ್ಲಿ ದಾಖಲೆ ಒದಗಿಸಿ ಎಂದಿತ್ತು. ಹಳೆಯ ದಾಖಲೆ ಎಲ್ಲಿ? ಕಾರವಾರದಲ್ಲಿ, ಇಲ್ಲವೇ ಬೆಳಗಾವಿಯಲ್ಲಿ, ಇಲ್ಲವೇ ಮುಂಬಯಿಯಲ್ಲಿ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಕಡತಗಳು ಎಲ್ಲೆಲ್ಲಿ ಉಳಿದವೋ. ದಾಖಲೆ ಸಿಗುತ್ತಿಲ್ಲ ಎಂಬುದಕ್ಕೊಂದು ಪ್ರಮಾಣಪತ್ರ, ಜೊತೆಗೆ ಜೈಲುವಾಸ ಸಾಬೀತಾದ ಹಿರಿಯ ಹೋರಾಟಗಾರರೊಬ್ಬರಿಂದ 'ಇವರು ನನಗೆ ಗೊತ್ತು' ಎಂಬ ಪತ್ರ ಕೊಡಬಹುದಿತ್ತು. ಪತ್ರ ಕೊಡಬಹುದಾಗಿದ್ದವರು ಆ ಹೊತ್ತಿಗೆ ತೀರಿಕೊಂಡಿದ್ದರು. ಫೈಲಿನಲ್ಲಿರುವ ಕೊನೆಯ ಕಾಗದ ಮುತ್ತಜ್ಜ ಬರೆದ ಒಂದು ಕರಡು. ತಾನು ಯಾವ ಯಾವ ಊರಿನಲ್ಲಿ ಎಷ್ಟೆಷ್ಟು ದಿನ ಅಡಗಿದ್ದೆ ಎಂಬ ಪಟ್ಟಿ ಅದು, ದಿನಾಂಕ ಸಮೇತ. ಕಳುಹಿಸಿದನೋ ಇಲ್ಲವೋ ತಿಳಿಯದು.

ಅಜ್ಜಿಗೆ ಈ ಕಥೆ ಹೇಳುವಾಗಲೆಲ್ಲ ನಗು. "ಆಗ ಸಿಕ್ಕಿಬಿದ್ದಿದ್ರೆ ಚೊಲೋ ಆಗ್ತಿತ್ತು ನೋಡು" ಎನ್ನುತ್ತಾಳೆ.

ಮುಂದೆ ಸುಪ್ರೀಂ ಕೋರ್ಟು ಇಂಥ ಅರ್ಜಿಗಳ ಬಗ್ಗೆ ಸ್ವಲ್ಪ ಮೆತ್ತಗಾಯಿತು. ನಿಜಾಮನ ಸೀಮೆಯ ಆರ್ಯಸಮಾಜ ಚಳವಳಿಯವರ ಮುಕುಂದಲಾಲ್ ಭಂಡಾರಿ ಪ್ರಕರಣದಲ್ಲಿ, 1993ರಲ್ಲಿ, ತಡವಾಗಿ ಬಂತೆಂದು ಅರ್ಜಿ ತಳ್ಳಬೇಡಿ, ಅರ್ಜಿ ಬಂದ ದಿನದಿಂದ ಪಿಂಚಣಿ ಕೊಡಿ ಎಂದಿತು. 2001ರ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ, ಕ್ರಿಮಿನಲ್ ಕೇಸಿನಲ್ಲಿ ಕೇಳುವಂಥ ಗಟ್ಟಿ ಪುರಾವೆಯನ್ನು ಈ ಮುದುಕರಿಂದ ಕೇಳಬೇಡಿ ಎಂದಿತು. ಅಷ್ಟರಲ್ಲಿ ಮುತ್ತಜ್ಜ ಇರಲಿಲ್ಲ.

ಇದಿಷ್ಟನ್ನು ನನ್ನ ಎರಡನೆಯ ಅಧ್ಯಾಯದಲ್ಲಿ ಬರೆದು ಮುಗಿಸಿದ್ದೆ. ಹಿತವಾದ ಒಂದು ವ್ಯಂಗ್ಯ ಕೈಗೆ ಸಿಕ್ಕಿದೆ ಎಂಬ ಖುಷಿಯೂ ಇತ್ತು. ಗೈಡ್ ಕೂಡ ಅಂಚಿನಲ್ಲಿ ಟಿಕ್ ಹಾಕಿದ್ದರು.

2024ರ ಜನವರಿಯಲ್ಲಿ ಮುತ್ತಜ್ಜನ ಪಟ್ಟಿಯಲ್ಲಿದ್ದ ಊರುಗಳನ್ನು ನೋಡಲು ಯಲ್ಲಾಪುರದ ಕಡೆಗೆ ಹೋದೆ. ಅಲ್ಲಿ ನನ್ನ ಅಮ್ಮನ ತವರು. ಕೊನೆ ಕೊಯ್ಲಿನ ಕಾಲ. ಅಂಗಳದಲ್ಲಿ ಅಡಿಕೆ ರಾಶಿ, ಸಂಜೆಯಾದರೆ ಸುಲಿಯುವವರ ಸಾಲು. ಚಿಕ್ಕಂದಿನಿಂದ ಕಂಡ ಕೊನೆಗೌಡ ಈ ಸಲ ಮರದ ಮೇಲಿರಲಿಲ್ಲ, ಕೆಳಗೆ ಕೂತು ಅಡಿಕೆ ಆರಿಸುತ್ತಿದ್ದ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಹತ್ತಿದಾಗ ಜಾರಿ ಸೊಂಟಕ್ಕೆ ಪೆಟ್ಟಾಗಿದೆ. ಒಂದು ಮರದಿಂದ ಇನ್ನೊಂದು ಮರಕ್ಕೆ ಇಳಿಯದೆಯೇ ದಾಟುತ್ತಿದ್ದ ಮನುಷ್ಯ. ಈಗ ಏಳಬೇಕಾದರೆ ಕಂಬ ಹಿಡಿಯಬೇಕು.

ಮಾತಿಗೆ ಕೇಳಿದೆ, ಸಂಧ್ಯಾ ಸುರಕ್ಷಾ ಬರ್ತದಾ ಎಂದು. 65 ದಾಟಿದ ಕೂಲಿಕಾರರಿಗೆ, ಸಣ್ಣ ರೈತರಿಗೆ ರಾಜ್ಯ ಸರ್ಕಾರ ಕೊಡುವ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ಆಧಾರಿನ ಪ್ರಕಾರ ಅವನು ಹುಟ್ಟಿದ್ದು 1956ರ ಜನವರಿ 1. (ನಮ್ಮ ಕಡೆ ಮುದುಕರೆಲ್ಲ ಜನವರಿ ಒಂದಕ್ಕೇ ಹುಟ್ಟಿದವರು.) ಅವನು ತಲೆ ಅಲ್ಲಾಡಿಸಿದ. ರೇಷನ್? ಅದು ಅಣ್ಣನ ಕಾರ್ಡಿನಲ್ಲೇ ಉಂಟು, ಬೇರೆ ಮಾಡಿಸಿಲ್ಲ. ಹೆಂಡತಿಗೆ ಗೃಹಲಕ್ಷ್ಮಿ? ಅದು ಕಾರ್ಡಿನ ಯಜಮಾನಿಗೆ, ಅಂದರೆ ಅತ್ತಿಗೆಗೆ. ಯಾಕೆ ಬೇರೆ ಮಾಡಿಸಿಲ್ಲ ಎಂದರೆ ಅಡಿಕೆ ಆರಿಸುವ ಕೈ ನಿಂತಿತು.

"ಹೆಬ್ಬೆಟ್ಟು ಒತ್ತಬೇಕಲ್ಲ ತಂಗಿ."

"ಒತ್ತಿದರೆ?"

"ನನ್ನ ಮೇಲೆ ವಾರಂಟ್ ಉಂಟು."

2008ರಲ್ಲಿ ಅರಣ್ಯದ ಅಂಚಿನಲ್ಲಿ ತಾನು ಮಾಡಿಕೊಂಡಿದ್ದ ಕೊಟ್ಟಿಗೆಗೆ ನಾಲ್ಕು ಕಂಬ ಕಡಿದಿದ್ದ. ಕರ್ನಾಟಕ ಅರಣ್ಯ ಕಾಯ್ದೆಯ ಕೆಳಗೆ ಕೇಸಾಯಿತು. ಮೂರು ತಾರೀಖಿಗೆ ಹೋದ. ನಾಲ್ಕನೆಯದು ಬಿದ್ದದ್ದು ಕೊಯ್ಲಿನ ನಡುವೆ. ಕೊಯ್ಲು ಬಿಟ್ಟರೆ ಆ ವರ್ಷದ ಅಕ್ಕಿ ಇಲ್ಲ, ಹೋಗಲಿಲ್ಲ. ಐದನೆಯದಕ್ಕೆ ಹೋಗಲು ಹೆದರಿಕೆ. ಆಮೇಲೆ ಒಂದು ದಿನ ಪೊಲೀಸರು ಹಳೆಯ ಮನೆಗೆ ಬಂದು ಕೇಳಿಕೊಂಡು ಹೋದರು. ಅಲ್ಲಿಂದ ಹದಿನಾಲ್ಕು ವರ್ಷ ಅವನು ಕಚೇರಿ ಎಂಬ ಹೆಸರಿನ ಯಾವ ಕಟ್ಟಡದ ಒಳಗೂ ಕಾಲಿಟ್ಟಿಲ್ಲ. ಸೊಂಟಕ್ಕೆ ಪೆಟ್ಟಾದಾಗ ಸರ್ಕಾರಿ ಆಸ್ಪತ್ರೆಗೆ ಹೋಗಲಿಲ್ಲ, ಹೆಸರು ಬರೆಸಬೇಕಲ್ಲ. ಯಲ್ಲಾಪುರದ ಪೇಟೆಗೆ ಹೋದರೂ ಸಂತೆಯ ಗದ್ದಲದ ದಿನವೇ ಹೋಗುತ್ತಿದ್ದ.

ಬೆರಳಚ್ಚನ್ನು ಯಾರಿಗೂ ಕೊಡುವಂತಿಲ್ಲ, ಆಧಾರ್ ಕಾಯ್ದೆಯ 29ನೇ ಕಲಂ ಹಾಗೆಂದು ಹೇಳುತ್ತದೆ ಎಂದು ವಿವರಿಸಿದೆ. ಅವನು ಸಮಾಧಾನದಿಂದ ಕೇಳಿಸಿಕೊಂಡ.

"ಕಾಯ್ದೆ ನಿಂಗೆ ಗೊತ್ತುಂಟು. ಅವರಿಗೆ ಗೊತ್ತುಂಟಾ?"

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮುತ್ತಜ್ಜ ಅಡಗಿದ್ದ ಊರು ಹುಡುಕಿಕೊಂಡು ಬಂದಿದ್ದೆ. ಅದೇ ಊರಿನಲ್ಲಿ, ನಮ್ಮದೇ ಅಂಗಳದಲ್ಲಿ, ಎಂಟು ತಿಂಗಳಲ್ಲ, ಹದಿನಾಲ್ಕು ವರ್ಷ ಅಡಗಿದ್ದವನೊಬ್ಬ ಪ್ರತಿ ವರ್ಷ ನನಗೆ ಎಳನೀರು ಕೊಯ್ದುಕೊಟ್ಟಿದ್ದ. ಒಬ್ಬನಿಗೆ ವಾರಂಟಿನ ಕಾಗದ ಇರಲಿಲ್ಲವೆಂದು ಪಿಂಚಣಿ ಇಲ್ಲ, ಇನ್ನೊಬ್ಬನಿಗೆ ಇದೆಯೆಂದು ಇಲ್ಲ.

ವ್ಯತ್ಯಾಸವೇನೆಂದರೆ, ಎರಡನೆಯದು ಯಾವ ನಿಯಮದಲ್ಲೂ ಇಲ್ಲ. ಸಂಧ್ಯಾ ಸುರಕ್ಷಾಕ್ಕೆ ವಯಸ್ಸು ಕೇಳುತ್ತಾರೆ, ಆದಾಯ ಕೇಳುತ್ತಾರೆ, ಬೇರೆ ಪಿಂಚಣಿ ಇದೆಯೇ ಎಂದು ಕೇಳುತ್ತಾರೆ. ಕೇಸು ಇದೆಯೇ ಎಂದು ಕೇಳುವುದಿಲ್ಲ. ವಾರಂಟು ಇದ್ದವರಿಗೆ ನಮ್ಮ ಕಾನೂನು ಸ್ಪಷ್ಟವಾಗಿ ಬಾಗಿಲು ಹಾಕುವ ಒಂದು ಜಾಗ ಪಾಸ್‌ಪೋರ್ಟು. 1967ರ ಕಾಯ್ದೆಯಲ್ಲಿ ಅದು ಬರೆದೇ ಇದೆ. ಕೊನೆಗೌಡನಿಗೆ ಪಾಸ್‌ಪೋರ್ಟು ಬೇಕಾಗಿರಲಿಲ್ಲ.

ವಾರಂಟು ಇದ್ದರೆ ಪಿಂಚಣಿ ಇಲ್ಲ ಎಂದು ಬರೆದೇ ಇಟ್ಟ ದೇಶವೂ ಉಂಟು. ಅಮೆರಿಕದಲ್ಲಿ 1996ರ ಕಲ್ಯಾಣ ಸುಧಾರಣಾ ಕಾಯ್ದೆ ಬಂದಾಗ, ಘೋರ ಅಪರಾಧದ ಕೇಸಿನಿಂದ ತಪ್ಪಿಸಿಕೊಂಡು ಓಡಿಹೋದವರಿಗೆ ಬಡ ವೃದ್ಧರ ಮತ್ತು ಅಂಗವಿಕಲರ ಭತ್ಯೆ, ಆಹಾರದ ಕೂಪನ್ನು ಕೊಡಬಾರದೆಂದು ಸೇರಿಸಿದರು. 2005ರಿಂದ, ದುಡಿದು ಕಟ್ಟಿದವರ ವೃದ್ಧಾಪ್ಯ ಪಿಂಚಣಿಗೂ ಅದನ್ನು ಹಬ್ಬಿಸಿದರು. ಕಾಯ್ದೆಯಲ್ಲಿದ್ದ ಮಾತು 'ಓಡಿಹೋದವರು'. ಕಚೇರಿ ಮಾಡಿದ್ದು ಮಾತ್ರ ಕಂಪ್ಯೂಟರಿನಲ್ಲಿ ವಾರಂಟಿನ ಪಟ್ಟಿಯನ್ನೂ ಪಿಂಚಣಿಯ ಪಟ್ಟಿಯನ್ನೂ ತಾಳೆ ಹಾಕಿ, ಹೆಸರು ಹೊಂದಿದವರ ಹಣ ನಿಲ್ಲಿಸುವುದು. ತನ್ನ ಮೇಲೆ ವಾರಂಟಿದೆ ಎಂದೇ ತಿಳಿಯದವನು ಓಡಿಹೋದ ಹಾಗೆ ಹೇಗಾಯಿತು ಎಂದು 2005ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ಕೋರ್ಟು ಕೇಳಿತು. ಕ್ಯಾಲಿಫೋರ್ನಿಯಾದ ರೋಸಾ ಮಾರ್ಟಿನೆಜ್ ಎಂಬಾಕೆಯ ಅಂಗವೈಕಲ್ಯ ಭತ್ಯೆ ನಿಂತದ್ದು 1980ರ ಮಯಾಮಿಯ ಒಂದು ವಾರಂಟಿನಿಂದ. ಆ ರೋಸಾ ಮಾರ್ಟಿನೆಜ್ ಬೇರೆಯವಳು, ಎತ್ತರ ಕೂಡ ಹೊಂದುತ್ತಿರಲಿಲ್ಲ. ಆಕೆಯ ಹೆಸರಿನ ಮೊಕದ್ದಮೆ 2009ರಲ್ಲಿ ರಾಜಿಯಾಗಿ, ನಿಜವಾಗಿ ತಪ್ಪಿಸಿಕೊಂಡವರ ವಾರಂಟುಗಳಿಗೆ ಮಾತ್ರ ನಿಯಮ ಅನ್ವಯಿಸಬೇಕೆಂದಾಯಿತು. ಹಿಡಿದಿಟ್ಟಿದ್ದ 50 ಕೋಟಿ ಡಾಲರಿಗೂ ಹೆಚ್ಚಿನ ಹಣ ಹಿಂದಿರುಗಿಸಬೇಕಾಯಿತು.

ಅಲ್ಲಿ ನಿಯಮವಿತ್ತು, ಹಾಗಾಗಿ ಅದರ ಮೇಲೆ ಕೇಸು ಹಾಕಲು ಬಂತು. ಯಲ್ಲಾಪುರದ ಕೊನೆಗೌಡ ಯಾವುದರ ಮೇಲೆ ಕೇಸು ಹಾಕಬೇಕು? ಅವನ ಅರ್ಜಿಯನ್ನು ಯಾರೂ ತಿರಸ್ಕರಿಸಿಲ್ಲ. ಸಾರಾ ಬ್ರೇನ್ ಎಂಬ ಸಮಾಜಶಾಸ್ತ್ರಜ್ಞೆ 2014ರಲ್ಲಿ ಬರೆದ ಒಂದು ಪ್ರಬಂಧ ಓದಿದ್ದೆ: ಪೊಲೀಸು ಕೋರ್ಟುಗಳ ಸಂಪರ್ಕಕ್ಕೆ ಬಂದವರು ಆಸ್ಪತ್ರೆ, ಬ್ಯಾಂಕು, ಶಾಲೆಗಳಂಥ ದಾಖಲೆ ಇಡುವ ಜಾಗಗಳಿಂದಲೇ ದೂರ ಉಳಿಯುತ್ತಾರೆ ಎಂದು. ಓದಿದಾಗ ಅದು ಅಮೆರಿಕದ ಕಥೆ ಅನ್ನಿಸಿತ್ತು.

ಮೊದಲು ವಾರಂಟು ನಿಜವಾಗಿ ಇದೆಯೇ ಎಂದು ನೋಡಬೇಕಿತ್ತು. ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿದರೆ ಅದೇ ಹೆಸರಿನ ಮೂರು ಜನ ಬಂದರು. ಕೊನೆಗೆ ಅಪ್ಪನ ಹೆಸರು, ಊರು ತಾಳೆಯಾದದ್ದು ಒಂದು. ವಾರಂಟು ಇತ್ತು. ಹಳೆಯದಾಯಿತೆಂದು ಅದು ಬಿದ್ದುಹೋಗುವುದಿಲ್ಲ. ಹೊರಡಿಸಿದ ಕೋರ್ಟು ರದ್ದು ಮಾಡುವ ತನಕ ಅಥವಾ ಜಾರಿಯಾಗುವ ತನಕ ಜೀವಂತ. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 70ನೇ ಕಲಂ ಹಾಗೆ ಹೇಳುತ್ತಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 72ನೆಯದೂ ಅದನ್ನೇ ಹೇಳುತ್ತದೆ. ಆದರೆ ತಾನಾಗಿ ಹೋಗಿ ಹಾಜರಾಗಿ, ಕಾರಣ ಹೇಳಿ, ರೀಕಾಲ್ ಮಾಡಿಸಿಕೊಳ್ಳಬಹುದು. ಆದಾಯ ಕಡಿಮೆ ಇದ್ದವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ವಕೀಲರು ಉಚಿತ. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೇ ಕೊಡಬಹುದು. ಆ ಸಮಿತಿ ಇರುವುದು ಕೋರ್ಟಿನ ಆವರಣದಲ್ಲಿ ಎಂದದ್ದೇ ಅವನು ಬೇಡ ಎಂದ. ಒಪ್ಪಿಸಿದ್ದು ನಾನಲ್ಲ, ಅವನ ಹೆಂಡತಿ. "ನನ್ನ ಹೆಸರಲ್ಲಿ ಎಂತ ವಾರಂಟ್ ಉಂಟು?" ಎಂದು ಒಂದೇ ಮಾತು ಕೇಳಿದಳು. ಅವಳ ಗೃಹಲಕ್ಷ್ಮಿಯೂ ಹೋಗಿತ್ತಲ್ಲ.

ವಕೀಲರು ಸಿಕ್ಕರು. ಚಿಕ್ಕ ವಯಸ್ಸಿನವರು, ಚುರುಕು. ಜಾಮೀನು ನಿಲ್ಲಲು ಪಹಣಿ ಇರುವ ಒಬ್ಬರು ಬೇಕು ಎಂದರು. ಇದೇನು ದೊಡ್ಡ ವಿಷಯ ಎಂದುಕೊಂಡು ಸೋದರಮಾವನನ್ನು ಕೇಳಿದೆ. ಮೂವತ್ತು ವರ್ಷ ಆ ತೋಟದ ಕೊನೆ ಇಳಿಸಿದವನು ಕೊನೆಗೌಡ. ಮಾವ ಕವಳ ಹಾಕುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ ಚೊಲೋ ಮನುಷ್ಯನೇಯ. ಆದ್ರೆ ಫಾರೆಸ್ಟಿನ ಕೇಸು..." ಎಂದು ಎದ್ದುಹೋದ. ಸಿಟ್ಟು ಬಂತು. ಆದರೆ ಮಾವನ ಭಯವೂ ಅಂಥದೇ ಎಂದು ಆಮೇಲೆ ಅನ್ನಿಸಿತು. ನಮ್ಮ ಕಡೆಯ ತೋಟಿಗರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಸೊಪ್ಪು, ದರಕು ಅಲ್ಲಿಂದಲೇ ತರುತ್ತೇವೆ. ಅರಣ್ಯದ ನೆಲದ ಮೇಲೆ ನಮ್ಮದು ಸವಲತ್ತು, ಕೊನೆಗೌಡನದು ಅತಿಕ್ರಮಣ. ಈ ವಾಕ್ಯವನ್ನು ನನ್ನ ಪ್ರಬಂಧದ ಯಾವ ಅಧ್ಯಾಯದಲ್ಲೂ ಬರೆದಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಪಹಣಿ ತಗಂಡು ಬೆಳಗಿನ ಬಸ್ಸಿಗೆ ಬತ್ತಿ" ಎಂದ. ಸಿದ್ದಾಪುರದಿಂದ ಸಿರ್ಸಿ, ಸಿರ್ಸಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರ. ಮುತ್ತಜ್ಜ ಬೆಟ್ಟದ ಮೇಲಿಂದ ನಡೆದು ಬಂದ ದಿಕ್ಕು.

ಕೋರ್ಟಿನಲ್ಲಿ ನಡೆದದ್ದು ಹತ್ತು ನಿಮಿಷವೂ ಇಲ್ಲ. ಹದಿನಾಲ್ಕು ವರ್ಷಕ್ಕೆ ಹತ್ತು ನಿಮಿಷ. ಕೊನೆಗೌಡ ಬಿಳಿ ಅಂಗಿ ಹಾಕಿಕೊಂಡು, ಒಂದು ಚೀಲದಲ್ಲಿ ಹೊದಿಕೆ, ಲೋಟ, ಸೊಂಟದ ಎಣ್ಣೆ ಇಟ್ಟುಕೊಂಡು ಬಂದಿದ್ದ, ಒಳಗೆ ಹಾಕಿದರೆ ಬೇಕಾಗುತ್ತದೆಂದು. ಹೆಸರು ಕೂಗಿದಾಗ ಕೈಮುಗಿದು ನಿಂತ. ವಕೀಲರು ಅರ್ಜಿ ಕೊಟ್ಟರು, ನ್ಯಾಯಾಧೀಶರು ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಿದರು. "ಇಲ್ಲೇ ಇದ್ದೆ ಸ್ವಾಮಿ" ಎಂದ. ಸುಳ್ಳಲ್ಲ. ಸಣ್ಣ ದಂಡ, ಬಾಂಡು, ಅಪ್ಪನ ಸಹಿ. ವಾರಂಟು ರದ್ದಾಯಿತು, ಕೇಸು ಮುಂದಿನ ತಾರೀಖಿಗೆ ಹೋಯಿತು. ಹೊರಗೆ ಬಂದು ಹೋಟೆಲಿನಲ್ಲಿ ಬನ್ಸ್ ತಿಂದೆವು. ಅಪ್ಪನೂ ಅವನೂ ಅಡಿಕೆ ದರದ ಮಾತಾಡಿಕೊಂಡರು.

ಅಲ್ಲೇ ವಕೀಲರು ಇನ್ನೊಂದು ಸಂಗತಿ ಹೇಳಿದರು. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ನೆಲ ಅನುಭೋಗಿಸುತ್ತಿದ್ದುದಕ್ಕೆ ಪುರಾವೆಯಾಗಿ ಕೋರ್ಟಿನ ಕಡತಗಳನ್ನೂ ಕೊಡಬಹುದಂತೆ. ಆದರೆ ಕಾಯ್ದೆಯ ಗೆರೆ 2005ರ ಡಿಸೆಂಬರ್ 13. ಬುಡಕಟ್ಟಿನವರಲ್ಲದವರು ಅದಕ್ಕೂ ಹಿಂದಿನ ಎಪ್ಪತ್ತೈದು ವರ್ಷ ತೋರಿಸಬೇಕು. ಇವನ ಕೇಸು 2008ರದು. "ನಿಮ್ಮ ಅಜ್ಜನ ಮೇಲೋ ಅಪ್ಪನ ಮೇಲೋ ಒಂದು ಕೇಸು ಬಿದ್ದಿದ್ದರೆ ಉಪಯೋಗಕ್ಕೆ ಬರ್ತಿತ್ತು" ಎಂದರು ವಕೀಲರು, ತಮಾಷೆ ಮಾಡದೆ. ನನಗೆ ಅಜ್ಜಿಯ ನಗು ನೆನಪಾಯಿತು.

ನಾಡಕಚೇರಿಯಲ್ಲಿ ಅರ್ಜಿ ಹಾಕಿದ್ದು ಮರುವಾರ. ಹೆಬ್ಬೆಟ್ಟು ಯಂತ್ರದಲ್ಲಿ ಎರಡು ಸಲ ಮೂಡಲೇ ಇಲ್ಲ. ಐವತ್ತು ವರ್ಷ ಅಡಿಕೆ ಮರ ತಬ್ಬಿದ ಬೆರಳು, ಗೆರೆ ಎಲ್ಲಿ ಉಳಿದಿರುತ್ತದೆ. ಅವನು ನನ್ನ ಮುಖ ನೋಡಿದ, ನಾನು ಹೇಳಿದೆನಲ್ಲ ಎಂಬ ಹಾಗೆ. ಮೂರನೆಯ ಸಲ ಎಡಗೈಯ ಬೆರಳು ಹಿಡಿಯಿತು. ಪಿಂಚಣಿ ಮಂಜೂರಾದದ್ದು ಕೆಲವು ತಿಂಗಳು ಕಳೆದ ಮೇಲೆ. ಹಿಂದಿನದು ಬರುವುದಿಲ್ಲ. ಅರವತ್ತೈದು ತುಂಬಿದ ಮೇಲಿನ ಮೂರು ವರ್ಷಕ್ಕೆ, ತಿಂಗಳಿಗೆ 1,200ರಂತೆ ಹಿಡಿದರೆ, 43,200 ರೂಪಾಯಿ ಅವನು ಹೆದರಿಕೆಗೆ ಕೊಟ್ಟಿದ್ದ. ರೇಷನ್ ಕಾರ್ಡು ಬೇರೆ ಮಾಡಿಸುವ ಅರ್ಜಿ ಇನ್ನೂ ನಡೆಯುತ್ತಿದೆ, ಹೆಂಡತಿ ಕಾಯುತ್ತಿದ್ದಾಳೆ.

ಎರಡನೆಯ ಅಧ್ಯಾಯವನ್ನು ಮತ್ತೆ ಬರೆಯಬೇಕು ಎಂದು ಗೈಡಿಗೆ ಹೇಳಿದೆ. ಇದು ಇತಿಹಾಸವಲ್ಲವಲ್ಲ ಎಂದರು. ಅವರೊಡನೆ ವಾದ ನಡೆದಿದೆ.

ಮೊನ್ನೆ ಫೋನಿನಲ್ಲಿ ಕೊನೆಗೌಡ ಕೇಳಿದ, ವಾರಂಟು ರದ್ದಾದ ಆದೇಶದ ನಕಲನ್ನು ಲ್ಯಾಮಿನೇಶನ್ ಮಾಡಿಸಿದರೆ ಕೋರ್ಟಿನವರು ಬೇಡ ಎನ್ನುತ್ತಾರಾ ಎಂದು. ಎನ್ನಲಿಕ್ಕಿಲ್ಲ ಎಂದೆ. ಕೇಸಿನ ಮುಂದಿನ ತಾರೀಖು ಡಿಸೆಂಬರಿನಲ್ಲಿ, ಕೊಯ್ಲಿನ ನಡುವೆ. "ಈಗೆಂತ, ಮರ ಹತ್ತೂದಿಲ್ಲಲ್ಲ" ಎಂದ, "ಹೋಗ್ತೆ."